ಹೆಬ್ಬೆರಳು ಕಲಿತಿದ್ದು

ನಾನೀಗ ಕೆಲಸ ಮಾಡುತ್ತಿರುವುದು ಉದಗೀರದ ಒಂದು ಪ್ರಯೋಗಾಲಯದಲ್ಲಿ. ಮೊನ್ನೆ ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫಿನಾಲು ಬೆರೆಸಿದ ಉಪ್ಪುನೀರಿನ ಬಾಟಲಿಯ ಮುಚ್ಚಳ ತೆಗೆದಳು. ಆಸ್ಪತ್ರೆಯ ನೆಲ ಒರೆಸಿದಂಥ, ಗಂಟಲಿಗೆ ತುಸು ಸಿಹಿಯಾಗಿ ಹತ್ತುವ ಆ ವಾಸನೆ ಕೋಣೆಗೆಲ್ಲ ಹರಡಿತು. ನಾನು ಆಚೆ ಮೇಜಿನಲ್ಲಿ ಕುಳಿತು ಯಾವುದೋ ಕಾಗದ ಓದುತ್ತಿದ್ದೆ. ನೋಡಿಕೊಂಡರೆ ನನ್ನ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಬಾಗಿ, ಇಲ್ಲದ ಒಂದು ಗುಂಡಿಯನ್ನು ಒತ್ತುತ್ತಿತ್ತು. ಯಾರಾದರೂ ನೋಡಿದರೇನೋ ಎಂದು ಕೈಯನ್ನು ಸೆರಗಿನಡಿ ಇಟ್ಟುಕೊಂಡೆ. ಉಮರ್ಗಾದ ಆ ಮಳೆಗಾಲ ಮುಗಿದು ವರ್ಷಗಳಾದವು. ಆದರೂ ಆ ವಾಸನೆ ಬಂದರೆ ಸಾಕು, ಬೆರಳು ಇನ್ನೂ ಆ ಗುಂಡಿಯನ್ನು ಹುಡುಕುತ್ತದೆ.

ಉಮರ್ಗಾದಲ್ಲಿ ಹೆದ್ದಾರಿಗೆ ಹೊಂದಿದ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ನಮ್ಮದು ಮೂರು ಕೋಣೆಗಳ ಪ್ರಯೋಗಾಲಯ. ಸುತ್ತಲಿನ ಹಳ್ಳಿಗಳ ಹಾಲಿನ ಸಂಘದವರು ಕೂಡಿ ನಡೆಸುತ್ತಿದ್ದರು. ಹಾಲು, ಮೇವು, ದನಗಳ ರಕ್ತ, ಎಲ್ಲವೂ ಅಲ್ಲಿಗೆ ಬರುತ್ತಿತ್ತು. ಕೆಳಗೆ ಲಾರಿ ಹೋದರೆ ನಮ್ಮ ಗಾಜಿನ ಕೊಳವೆಗಳು ಸ್ಟ್ಯಾಂಡಿನಲ್ಲಿ ಕಿಣಿಕಿಣಿ ಎನ್ನುತ್ತಿದ್ದವು. ಇದ್ದವರು ಮೂವರು. ದನದ ಡಾಕ್ಟರಾಗಿ ನಿವೃತ್ತರಾಗಿದ್ದ ಪಾಟೀಲ ಸರ್ ನಮಗೆಲ್ಲ ಹಿರಿಯರು. ಹಳ್ಳಿಗಳಿಗೆ ಹೋಗಿ ದನಗಳ ರಕ್ತ ತೆಗೆದು ತರುವವರು, ಆಮೇಲೆ ಕೊಳವೆ ತೊಳೆಯುವವರು ನಾಗಪ್ಪ ಮಾಮಾ. ಅವರು ತಂದ ರಕ್ತವನ್ನು ಪರೀಕ್ಷೆ ಮಾಡಿ, ರೋಗ ಇದೆ ಇಲ್ಲ ಎಂದು ಬರೆಯುವವಳು ನಾನು, ಸುವರ್ಣಾ.

ಮೂರು ವರ್ಷ ಅದೇ ಕೆಲಸ ಮಾಡಿ ನನ್ನ ಮೈ ನನ್ನದಾಗಿ ಉಳಿದಿರಲಿಲ್ಲ. ಎರಡೂ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣಿಟ್ಟು ಇನ್ನೊಂದನ್ನು ತೆರೆದೇ ಇಟ್ಟು ಕುರುಡಾಗಿಸುವುದು ರೂಢಿಯಾಗಿತ್ತು. ಬಾಟಲಿಯ ಮುಚ್ಚಳ ಮೇಜಿನ ಮೇಲಿಟ್ಟರೆ ಕೊಳೆಯಾಗುತ್ತದೆಂದು ಅದನ್ನು ಕಿರುಬೆರಳಲ್ಲಿ ಹಿಡಿದುಕೊಂಡೇ ಕೆಲಸ ಮಾಡಬೇಕು. ನಿಲಂಗಾದ ನಮ್ಮ ಮನೆಯಲ್ಲೂ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಹಾಗೇ ಕಿರುಬೆರಳಿಗೆ ಸಿಕ್ಕಿಸಿಕೊಂಡು ಊಟ ಬಡಿಸುತ್ತಿದ್ದೆ. ಯಾವುದನ್ನೂ ನೇರ ಮೂಸಬಾರದು, ಕೈ ಬೀಸಿ ವಾಸನೆಯನ್ನು ಮೂಗಿನತ್ತ ತರಬೇಕು ಎಂಬುದು ನಮ್ಮ ನಿಯಮ. ಅವ್ವ ಮಾಡಿದ ಸಾರಿನ ಮೇಲೂ ನಾನು ಕೈ ಬೀಸಿದ್ದನ್ನು ನೋಡಿ ಆಕೆ, ಏನವ್ವಾ, ನನ್ನ ಸಾರಿಗೆ ಆರತಿ ಮಾಡ್ತೀಯಾ ಎಂದು ನಕ್ಕಿದ್ದಳು. ನಾನೂ ನಕ್ಕೆ. ಒಳಗೊಳಗೆ ನನಗೆ ಹೆಮ್ಮೆಯೇ ಇತ್ತು. ಕೆಲಸ ಮೈಗೆ ಹತ್ತಿದವಳು ಎನ್ನಿಸಿಕೊಳ್ಳುವುದು ನನಗೆ ಇಷ್ಟ.

ಆ ಹೆಮ್ಮೆಯಲ್ಲಿ ಮುಕ್ಕಾಲು ಪಾಲು ಹೆಬ್ಬೆರಳಿನದು. ಪಿಪೆಟ್ ಅಂದರೆ ದಪ್ಪ ಪೆನ್ನಿನಂಥ ಒಂದು ಕೊಳವೆ, ತಲೆಯ ಮೇಲೊಂದು ಗುಂಡಿ. ಗುಂಡಿ ಒತ್ತಿ, ತುದಿಯನ್ನು ದ್ರವದಲ್ಲಿ ಅದ್ದಿ, ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಿಟ್ಟರೆ ಅಳತೆಗೆ ಸರಿಯಾಗಿ ದ್ರವ ಒಳಗೇರುತ್ತದೆ. ಒತ್ತುವಾಗ ಒಂದು ಕಡೆ ಬೆರಳಿಗೆ ಸಣ್ಣ ತಡೆ ಸಿಗುತ್ತದೆ. ಅಲ್ಲೇ ನಿಲ್ಲಬೇಕು. ದಾಟಿ ಒತ್ತಿದರೆ ಹೆಚ್ಚು ಬರುತ್ತದೆ. ನಮ್ಮ ಅರ್ಧ ಮಿಲಿಯ ಪಿಪೆಟ್ ಹಳೆಯದು, ಒಳಗಿನ ಸ್ಪ್ರಿಂಗು ಸೋತಿತ್ತು, ರಬ್ಬರು ಸವೆದಿತ್ತು. ತಡೆಗೆ ನಿಂತರೆ ಯಾವಾಗಲೂ ಕಡಿಮೆಯೇ ಎಳೆಯುತ್ತಿತ್ತು. ನಾನು ಬಂದ ಹೊಸತರಲ್ಲೇ ಅದನ್ನು ಕಂಡುಕೊಂಡು, ತಡೆಯನ್ನು ಒಂದು ಕೂದಲೆಳೆಯಷ್ಟು ದಾಟಿ ಒತ್ತುವುದನ್ನು ಕಲಿತೆ. ಮೊದಮೊದಲು ಬೇಕೆಂದೇ ಮಾಡುತ್ತಿದ್ದೆ. ಆರು ತಿಂಗಳಲ್ಲಿ ಮರೆತೆ. ಬೆರಳು ಮರೆಯಲಿಲ್ಲ. ಪಾಟೀಲ ಸರ್ ಅದೇ ಪಿಪೆಟ್ ಹಿಡಿದರೆ ಅಳತೆ ತಪ್ಪುತ್ತಿತ್ತು, ನಾನು ಹಿಡಿದರೆ ಸರಿ ಬರುತ್ತಿತ್ತು. ಸುವರ್ಣಾ ಇದ್ದರೆ ಯಂತ್ರ ಹೇಗಿದ್ದರೂ ನಡೀತದೆ ಎಂದು ಅವರು ಬಂದವರೆದುರೆಲ್ಲ ಹೇಳುತ್ತಿದ್ದರು.

ಆ ವರ್ಷ ಮಿರಗದ ಮಳೆ ಸಮಯಕ್ಕೆ ಬಂತು, ಆದರೆ ಬಂದದ್ದು ಹೋಗಲೇ ಇಲ್ಲ. ಕರಿಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಂಡು ನಾಗಪ್ಪ ಮಾಮಾ ಮೆಟ್ಟಿಲ ಬುಡದಲ್ಲೇ ಕುಳಿತು ಕಡ್ಡಿಯಿಂದ ಕೆರೆಯುತ್ತಿದ್ದರು. ಅದೇ ಸಮಯಕ್ಕೆ ಸಾಸ್ತೂರದ ಕಡೆಯಿಂದ ಸುದ್ದಿ ಬಂತು: ಅಲ್ಲಲ್ಲಿ ಆಕಳುಗಳು ಏಳೆಂಟು ತಿಂಗಳಿಗೇ ಗರ್ಭ ಇಳಿದು ಕಂದು ಹಾಕುತ್ತಿವೆ. ಕಂದು ಹಾಕುವ ರೋಗ ದನಕ್ಕಷ್ಟೇ ನಿಲ್ಲುವುದಿಲ್ಲ. ಹಸಿ ಹಾಲು ಕುಡಿದವರಿಗೆ, ಹಿಂಡಿದವರಿಗೆ, ಸತ್ತ ಕರುವನ್ನು ಎತ್ತಿದವರಿಗೆ ಬರುತ್ತದೆ. ಸಂಜೆಗೊಮ್ಮೆ ಜ್ವರ, ಕೀಲುನೋವು. ಬಸುರಿಯರಿಗೆ ಇನ್ನೂ ಅಪಾಯ. ಆಕಳಿಗಂತೂ ಔಷಧವೇ ಇಲ್ಲ. ರೋಗ ಇದೆ ಎಂದು ಬರೆದರೆ ಆ ಆಕಳನ್ನು ಉಳಿದ ದನಗಳಿಂದ ಶಾಶ್ವತವಾಗಿ ದೂರ ಮಾಡಬೇಕು, ಅದರ ಹಾಲು ಯಾರೂ ಮುಟ್ಟಬಾರದು. ಸಂಘದವರು ಎಲ್ಲ ಮನೆಗಳ ಆಕಳುಗಳ ರಕ್ತ ನೋಡಿರಿ ಎಂದರು.

ನಾಗಪ್ಪ ಮಾಮಾ ಎರಡು ದಿನ ಮಳೆಯಲ್ಲಿ ತಿರುಗಿ ರಕ್ತ ತಂದರು. ಅರ್ಧದಷ್ಟನ್ನು ನಾನು ಸೋಮವಾರ ಪರೀಕ್ಷೆಗಿಟ್ಟೆ. ಎಲ್ಲವೂ ನಿರೋಗಿ. ಮಂಗಳವಾರ, ಕೊಳವೆಗಳನ್ನು ಬೆಚ್ಚಗಿಡುವ ಬಿಸಿ ಪೆಟ್ಟಿಗೆಯ ರಿಪೇರಿಗೆ ಸೋಲಾಪುರದಿಂದ ಒಬ್ಬಾತ ಬಂದ. ಬಂದವನು ಬಂದಿದ್ದಾನೆ, ಇದನ್ನೂ ನೋಡಪ್ಪ ಎಂದು ಸರ್ ಆ ಪಿಪೆಟ್ಟನ್ನೂ ಕೊಟ್ಟರು. ಆತ ಸ್ಪ್ರಿಂಗು, ರಬ್ಬರು ಬದಲಿಸಿ, ನೀರು ಎಳೆದು ತಕ್ಕಡಿಯಲ್ಲಿ ತೂಗಿ ತೋರಿಸಿದ. ಸರಿಯಾಗಿ ಅರ್ಧ ಗ್ರಾಂ. ನನಗೂ ಖುಷಿಯಾಯಿತು. ಉಳಿದ ಹದಿನೆಂಟು ಶೀಶೆಗಳನ್ನು ಅದೇ ಸಂಜೆ ಪರೀಕ್ಷೆಗಿಟ್ಟೆ.

ಈ ಪರೀಕ್ಷೆ ಹೀಗೆ: ರಕ್ತ ಹೆಪ್ಪುಗಟ್ಟಿದ ಮೇಲೆ ಬಿಡುವ ಹಳದಿ ತಿಳಿಯನ್ನು ಮೊದಲ ಕೊಳವೆಯಲ್ಲಿ ಫಿನಾಲಿನ ಉಪ್ಪುನೀರಿಗೆ ಬೆರೆಸುತ್ತೇವೆ. ಅದರಿಂದ ಅರ್ಧ ಮಿಲಿ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಹೀಗೆ ಸಾಗಿಸುತ್ತ ತೆಳುವಾಗಿಸುತ್ತೇವೆ. ಆಮೇಲೆ ಎಲ್ಲದಕ್ಕೂ ಸತ್ತ ರೋಗಾಣುಗಳ ದ್ರಾವಣ ಹಾಕಿ ಒಂದು ದಿನ ಬೆಚ್ಚಗಿಡಬೇಕು. ರೋಗದ ಆಕಳಿನದಾದರೆ ಕೊಳವೆ ಮೇಲೆಲ್ಲ ತಿಳಿಯಾಗಿ, ತಳದಲ್ಲಿ ಬಲೆಯಂಥ ಪದರ ಕೂರುತ್ತದೆ. ಮೂರನೆಯ ಕೊಳವೆಯೂ ತಿಳಿಯಾದರೆ ರೋಗ ಇದೆ, ಎರಡಕ್ಕೇ ನಿಂತರೆ ಇಲ್ಲ. ಕರುವಿದ್ದಾಗ ಲಸಿಕೆ ಹಾಕಿಸಿಕೊಂಡ ಆಕಳುಗಳು ಎಷ್ಟೋ ಸಲ ಎರಡು ಮೂರರ ಗಡಿಯ ಮೇಲೇ ನಿಂತಿರುತ್ತವೆ. ಅಲ್ಲಿ ಅಳತೆ ತುಸು ಹೆಚ್ಚಾದರೂ ಆಕಳು ಗಡಿ ದಾಟಿಬಿಡುತ್ತದೆ.

ಬುಧವಾರ ಪೆಟ್ಟಿಗೆಯ ಬಾಗಿಲು ತೆಗೆದವಳು ಹಾಗೇ ನಿಂತೆ. ಹದಿನೆಂಟರಲ್ಲಿ ಒಂಬತ್ತಕ್ಕೆ ಮೂರನೆಯ ಕೊಳವೆ ತಿಳಿಯಾಗಿತ್ತು. ಸರ್ ಕನ್ನಡಕ ಏರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಬಾಪ್ ರೇ ಎಂದು ಕುರ್ಚಿಯಲ್ಲಿ ಕುಳಿತರು. ಗುರುವಾರ ವರದಿ ಹೋಯಿತು. ಅಂದೇ ಸಂಘದವರು ಆ ಮನೆಗಳ ಹಾಲು ನಿಲ್ಲಿಸಿದರು.

ಶುಕ್ರವಾರ ಕಸ್ತೂರಬಾಯಿ ಬಂದರು. ಸಾಸ್ತೂರದ ಲಿಂಗಾಯತ ಒಕ್ಕಲು ಮನೆಯ ಹಿರಿಯಾಕೆ. ಭೂಕಂಪದ ನಂತರ ಕಟ್ಟಿದ ಸಾಲುಮನೆಯ ಹಿಂದೆ ಕೊಟ್ಟಿಗೆ ಹಾಕಿಕೊಂಡು ದೇವಣಿ ತಳಿಯ ಎಂಟು ಆಕಳು ಸಾಕಿದ್ದರು. ಒಂದೊಂದಕ್ಕೂ ಒಂದೊಂದು ಹೆಸರು, ಶೇವಂತಿ, ಕಪಿಲಿ ಅಂತ. ಅವರ ಮನೆಯ ಐದು ಶೀಶೆ ಮೊದಲ ಸುತ್ತಿನಲ್ಲಿ ಹೋಗಿ ನಿರೋಗಿ ಎಂದು ಬಂದಿದ್ದವು. ಎರಡನೆಯ ಸುತ್ತಿಗೆ ಉಳಿದ ಮೂರರಲ್ಲಿ ಆರನೇ ನಂಬರಿನದು ರೋಗದ್ದು. ಆರು ಅಂದರೆ ಕಪಿಲಿ, ಗಬ್ಬದ ಆಕಳು. ಎಸ್.ಟಿ. ಬಸ್ಸಿನಿಂದ ಇಳಿದು ನೆನೆದುಕೊಂಡೇ ಬಂದಿದ್ದರು, ಹಣೆಯ ವಿಭೂತಿ ಅರ್ಧ ಅಳಿಸಿತ್ತು. ಸೊಸೆ ಭಾಗ್ಯಶ್ರೀ ಏಳು ತಿಂಗಳ ಬಸುರಿ, ಕಪಿಲಿಯನ್ನು ಹಿಂಡುತ್ತಿದ್ದವಳು ಅವಳೇ. ಸುದ್ದಿ ಕೇಳಿ ತವರೂರು ತುರೋರಿಯಿಂದ ಅವಳ ಅಣ್ಣ ಬಂದು, ಇಂಥ ಮನೆಯಲ್ಲಿ ನಮ್ಮ ಹುಡುಗಿ ಬೇಡ ಎಂದು ಕರೆದುಕೊಂಡು ಹೋಗಿದ್ದ. ಸೋಮವಾರ ಮುಂಜಾನೆ ಕಪಿಲಿಯನ್ನು ಒಯ್ಯಲು ನಿಲಂಗಾ ಕಡೆಯ ಗೋಶಾಲೆಯಿಂದ ಗಾಡಿ ಬರುವುದಿತ್ತು. ಇದನ್ನೆಲ್ಲ ಅವರು ಅಳದೆ, ಒಂದೇ ದನಿಯಲ್ಲಿ ಹೇಳಿದರು.

"ಬಾಯೀ, ಇನ್ನೊಮ್ಮಿ ನೋಡ್ರಿ. ಕಪಿಲಿ ಒಂದ್ ಸಲಾನೂ ಕಂದ ಹಾಕಿಲ್ಲ."

ನಾನು ಬರೆಯುತ್ತಿದ್ದ ರಿಜಿಸ್ಟರಿನಿಂದ ತಲೆ ಎತ್ತಿದೆ. ನನ್ನ ಆ ಹೊತ್ತಿನ ಮುಖ ಹೇಗಿತ್ತೋ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ಕಾಕೂ, ಮೂರ್ ವರ್ಷ ಆತು ನಾ ಇದೇ ಕೆಲಸ ಮಾಡ್ಲತ್ತೀನಿ. ನನ್ನ ಕೈಯಾಗ ಇಲ್ಲೀತನಾ ತಪ್ಪ ಆಗಿಲ್ಲ."

ಅವರು ಸೆರಗು ತಲೆಗೆ ಎಳೆದುಕೊಂಡರು. ಕೊಡೆ ಇಲ್ಲದೆ ಬಂದಂತೆಯೇ ಇಳಿದು ಹೋದರು. ಮೂಲೆಯಲ್ಲಿ ಕೊಳವೆ ತೊಳೆಯುತ್ತಿದ್ದ ನಾಗಪ್ಪ ಮಾಮಾ ನಲ್ಲಿ ಬಂದ್ ಮಾಡುವುದನ್ನು ಮರೆತು ನಿಂತಿದ್ದರು. ಅಂದು ಚಹಾಕ್ಕೂ ಬರಲಿಲ್ಲ.

ಒಂದು ಗಂಟೆ ಕಳೆದಿರಬೇಕು. ಮಾಮಾ ನನ್ನ ಮೇಜಿನ ಹತ್ತಿರ ಬಂದು ಟೊಪ್ಪಿಗೆ ತೆಗೆದರು. ಅವರು ಟೊಪ್ಪಿಗೆ ತೆಗೆದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಮೇಡಂ, ಆರ್ ನಂಬರ್ ಶೀಶೇದಾಗ ಕಪಿಲಿ ರಗತ ಇಲ್ರಿ."

"ಮತ್ತ ಯಾರ್ದದ?"

"ಶೇವಂತೀದು. ಐದೂ ಆಕೀದೇ, ಆರೂ ಆಕೀದೇ. ಕಪಿಲಿ ಒದೀಲತ್ತಿತ್ತು, ಮಳಿ ಜೋರ್ ಹಿಡದಿತ್ತು, ನನ್ನ ಮಣಕಾಲ್ ನಿಂದ್ರಲತ್ತಿದ್ದಿಲ್ಲ. ಬಾಯಿ ಚಾ ತರ್ಲಿಕ್ಕ ಒಳಗ ಹೋಗಿದ್ರು. ಒಂದೇ ಮನೀ ದನ, ಒಂದೇ ಕೊಟಗಿ, ಏನ್ ಫರಕ್ ಬೀಳ್ತದ ಅಂದ್ಕೊಂಡು ಶೇವಂತೀದೇ ಎರಡ್ ಶೀಶೇಕ ತುಂಬ್ದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಪ್ಪನ ವಯಸ್ಸಿನ ಮನುಷ್ಯ ಎಂಬುದನ್ನೂ ನೋಡದೆ ಬಾಯಿಗೆ ಬಂದಂತೆ ಅಂದೆ. ಮೂರು ವರ್ಷದ ನನ್ನ ಕೆಲಸಕ್ಕೆ ಮಣ್ಣು ಹಾಕಿದಿರಿ ಎಂದೆ. ಅವರು ತಲೆ ತಗ್ಗಿಸಿ ಕೇಳಿಕೊಂಡರು. ಬೈಯುತ್ತ ಬೈಯುತ್ತ ನಡುವೆಯೇ ನನ್ನ ದನಿ ನಿಂತಿತು. ಐದನೇ ಶೀಶೆ ನಿರೋಗಿ, ಆರನೆಯದು ರೋಗದ್ದು ಎಂದು ಬರೆದವಳು ನಾನು. ಎರಡರಲ್ಲೂ ಇದ್ದದ್ದು ಒಂದೇ ಆಕಳಿನ ರಕ್ತ. ಮಾಮಾನ ತಪ್ಪು ಮಾಮಾನದು ಸರಿ, ಆದರೆ ಒಂದೇ ರಕ್ತಕ್ಕೆ ಎರಡು ಉತ್ತರ ಕೊಟ್ಟದ್ದು ಯಾರು?

ಸರ್ ಎಲ್ಲ ಕೇಳಿ ಯಾರನ್ನೂ ಬೈಯಲಿಲ್ಲ. ಫ್ರಿಜ್ಜಿನಲ್ಲಿ ಎರಡೂ ಶೀಶೆಗಳ ತಿಳಿ ಉಳಿದಿದೆಯಲ್ಲ, ಇಬ್ಬರೂ ಬೇರೆ ಬೇರೆ ಮಾಡೋಣ, ಬಘೂಯಾ, ನೋಡೋಣ ಎಂದರು. ಅದೇ ಪಿಪೆಟ್ಟಿನಿಂದ ನಾನೊಂದು ಸಾಲು ಕೊಳವೆ ಇಟ್ಟೆ, ಅವರೊಂದು ಸಾಲು ಇಟ್ಟರು. ಒಂದು ದಿನ ಕಾಯಬೇಕು. ಆ ಶುಕ್ರವಾರ ಮಧ್ಯಾಹ್ನದಿಂದ ಶನಿವಾರದವರೆಗೆ ನಾನು ಯೋಚಿಸಿದ್ದು ಒಂದೇ. ಎರಡನೆಯ ಸುತ್ತು ತಪ್ಪಾಗಿದ್ದರೆ ಒಂಬತ್ತು ಆಕಳುಗಳು ವಿನಾಕಾರಣ ಮನೆ ಬಿಡುತ್ತವೆ. ಮೊದಲ ಸುತ್ತು ತಪ್ಪಾಗಿದ್ದರೆ? ಆಗ ಮೂರು ವರ್ಷದಿಂದ ನಾನು ನಿರೋಗಿ ಎಂದು ಬರೆದ ಅದೆಷ್ಟೋ ಆಕಳುಗಳ ಹಾಲನ್ನು ಈ ಊರುಗಳ ಮಕ್ಕಳು ಕುಡಿಯುತ್ತಿದ್ದಾರೆ.

ಶನಿವಾರ ಮಧ್ಯಾಹ್ನ ಪೆಟ್ಟಿಗೆ ತೆಗೆದೆವು. ನನ್ನ ಸಾಲಿನಲ್ಲಿ ಐದೂ ರೋಗದ್ದು, ಆರೂ ರೋಗದ್ದು. ಸರ್ ಸಾಲಿನಲ್ಲಿ ಎರಡೂ ನಿರೋಗಿ. ಒಂದೇ ರಕ್ತ, ಒಂದೇ ಪಿಪೆಟ್, ಎರಡು ಕೈ. ನಾನು ಅವರ ಕೈಯನ್ನು ನೋಡಿದೆ. ವಯಸ್ಸಾದ ಕೈ, ತುಸು ನಡುಗುವ ಕೈ. ತಪ್ಪು ಅಲ್ಲಿಯೇ ಇರಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಗೊತ್ತಾಗಿರಬೇಕು. ತೂಗಿ ನೋಡೋಣ ಎಂದು ತಾವೇ ಮೊದಲು ಪಿಪೆಟ್ ಹಿಡಿದರು. ನೀರು ಎಳೆದು ತಕ್ಕಡಿಯ ಬಟ್ಟಲಿಗೆ ಬಿಟ್ಟರು, ಹತ್ತು ಸಲ. ಪ್ರತಿ ಸಲವೂ ಅರ್ಧ ಗ್ರಾಮಿನ ಆಸುಪಾಸು. ನಾನು ಹಿಡಿದೆ, ಹತ್ತು ಸಲ. ನನ್ನದು ಅವರಿಗಿಂತ ನಿಖರ. ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು. ಇಬ್ಬರ ಕೈಯೂ ಸರಿ ಇದ್ದರೆ ತಪ್ಪು ಎಲ್ಲಿದೆ? ಅಷ್ಟರಲ್ಲಿ ಕರೆಂಟು ಹೋಯಿತು. ತಕ್ಕಡಿ ಆರಿ ಕಪ್ಪಾಯಿತು. ಮೂವರೂ ಕತ್ತಲು ಕವಿದ ಹಗಲಿನಲ್ಲಿ, ತಗಡಿನ ಮೇಲೆ ಬೀಳುವ ಮಳೆ ಕೇಳುತ್ತ ಕುಳಿತೆವು. ಸೋಮವಾರ ಮುಂಜಾನೆ ಗಾಡಿ ಬರುತ್ತದೆ.

ಗೋಡೆಗೆ ಒರಗಿ ಕುಳಿತಿದ್ದ ನಾಗಪ್ಪ ಮಾಮಾ ಮೆಲ್ಲಗೆ ಬಾಯಿ ತೆರೆದರು.

"ಮೇಡಂ, ಸಿಟ್ಟಾಗ್ಬ್ಯಾಡ್ರಿ. ನೀವು ತೂಕ ಮಾಡಾಗ ತಕ್ಕಡಿ ನೋಡ್ಕೋತ, ಉಸಿರ್ ಹಿಡದು ಮಾಡ್ತೀರಿ. ರಗತದ ಕೆಲಸ ಹಂಗ ಮಾಡಂಗಿಲ್ಲ. ಅವಾಗ ನಮ್ ಸಂಗಾಟ ಮಾತಾಡ್ಕೋತ, ಕೈ ಕಡಿ ನೋಡ್ದೇನೇ ಮಾಡ್ತೀರಿ. ಮೂರ್ ವರ್ಷದಿಂದ ನೋಡ್ಲತ್ತೀನಲ್ರಿ."

ಸರ್ ಅವರನ್ನೇ ದಿಟ್ಟಿಸಿ ನೋಡಿದರು, ಆಮೇಲೆ ನನ್ನ ಹೆಬ್ಬೆರಳನ್ನು ನೋಡಿದರು.

ಕರೆಂಟು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಸರ್ ತಕ್ಕಡಿಯ ಅಂಕಿ ನನಗೆ ಕಾಣದಂತೆ ರಟ್ಟು ಅಡ್ಡ ಹಿಡಿದರು. ನೀರು ಎಳೆದು ಬಿಡುತ್ತಾ ಹೋಗು, ನಿನ್ನ ಅಕ್ಕನ ಮದುವೆಯಲ್ಲಿ ಏನೇನು ಗದ್ದಲವಾಯಿತು ಹೇಳು ಎಂದರು. ಅದು ನಾನು ನೂರು ಸಲ ಹೇಳಿ ಅವರನ್ನು ನಗಿಸಿದ ಕಥೆ. ಬೀಗರು ಭಾಲ್ಕಿಯಿಂದ ಬರುವಾಗ ದಾರಿ ತಪ್ಪಿ ಬೇರೆ ಮದುವೆಯ ಪಂಕ್ತಿಯಲ್ಲಿ ಕುಳಿತು ಉಂಡದ್ದು. ಹೇಳತೊಡಗಿದೆ. ಮೊದಲು ನಾಲಿಗೆ ತೊದಲಿತು, ಆಮೇಲೆ ಕಥೆ ತನ್ನ ದಾರಿ ಹಿಡಿಯಿತು, ಕೈ ತನ್ನ ದಾರಿ ಹಿಡಿಯಿತು. ಮಾಮಾ ಎಂದಿನ ಜಾಗದಲ್ಲಿ ಹೂಂಗುಟ್ಟಿದರು. ಸರ್ ಮಾತ್ರ ನಗಲಿಲ್ಲ. ಒಂದೊಂದು ಸಲವೂ ಕಾಗದದ ಮೇಲೆ ಏನೋ ಬರೆಯುತ್ತಿದ್ದರು. ಕಥೆ ಮುಗಿಯಿತು. ಅವರು ಕಾಗದವನ್ನು ನನ್ನತ್ತ ತಿರುಗಿಸಿದರು.

ಹತ್ತಕ್ಕೆ ಹತ್ತೂ ಹೆಚ್ಚು. ಅರ್ಧ ಗ್ರಾಮಿನ ಜಾಗದಲ್ಲಿ ಸೊನ್ನೆ ಪಾಯಿಂಟ್ ಐದು ಎಂಟು, ಐದು ಒಂಬತ್ತು, ಮತ್ತೆ ಐದು ಎಂಟು.

ಪಿಪೆಟ್ ರಿಪೇರಿಯಾಗಿತ್ತು, ನನ್ನ ಬೆರಳು ರಿಪೇರಿಯಾಗಿರಲಿಲ್ಲ. ಸೋತ ಸ್ಪ್ರಿಂಗಿಗೆ ಹೊಂದಿಕೊಂಡು ಅದು ಇನ್ನೂ ತಡೆಯನ್ನು ದಾಟಿಯೇ ಒತ್ತುತ್ತಿತ್ತು. ಅಂಕಿ ಕಣ್ಣೆದುರು ಇದ್ದಾಗ ಮಾತ್ರ ಶಿಸ್ತಿನಿಂದ ಇರುತ್ತಿತ್ತು. ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟುವಾಗ ಆ ಹೆಚ್ಚಳ ಸೇರುತ್ತ ಸೇರುತ್ತ ಗಡಿಯ ಮೇಲಿದ್ದ ಆಕಳುಗಳನ್ನೆಲ್ಲ ಆಚೆ ತಳ್ಳಿತ್ತು. ಹಳೆಯ ಸ್ಪ್ರಿಂಗಿನ ಕಾಲದ ವರದಿಗಳು ಮಾತ್ರ ಸರಿಯೇ ಇದ್ದವು. ನನಗೆ ಅಳು ಬಂತು. ಕೈ ಎಂಬುದು ನನ್ನ ಮಾತು ಕೇಳುವ ವಸ್ತು ಎಂದುಕೊಂಡಿದ್ದೆ. ಯಾರಿಗೂ ತಿಳಿಯದಂತೆ, ನನಗೂ ತಿಳಿಯದಂತೆ, ಅದು ತನ್ನದೇ ಒಂದು ಸಂಸಾರ ಹೂಡಿಕೊಂಡಿತ್ತು. ಕಸ್ತೂರಬಾಯಿಗೆ ನಾನಾಡಿದ ಮಾತು ನೆನಪಾಗಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಮಾ ನೀರಿನ ಲೋಟ ತಂದು ಕೈಗೆ ಕೊಟ್ಟರು. ನಿನ್ನೆ ಬೈಸಿಕೊಂಡವರು ಅವರು.

ಅಳುತ್ತ ಕೂರಲು ಹೊತ್ತಿರಲಿಲ್ಲ. ಹದಿನೆಂಟೂ ಶೀಶೆಗಳನ್ನು ಸರ್ ಮತ್ತೆ ಪರೀಕ್ಷೆಗಿಡತೊಡಗಿದರು. ಕಪಿಲಿಯ ರಕ್ತ ನಮ್ಮಲ್ಲಿ ಇರಲೇ ಇಲ್ಲ, ಅದನ್ನು ತರಬೇಕಿತ್ತು. ಮಾಮಾನ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಸಾಸ್ತೂರಕ್ಕೆ ಹೊರಟೆ. ದಾರಿಯುದ್ದಕ್ಕೂ ಸೋಯಾಬೀನ್ ಹೊಲಗಳಲ್ಲಿ ನೀರು ನಿಂತಿತ್ತು.

ಕಸ್ತೂರಬಾಯಿ ಕೊಟ್ಟಿಗೆಯಲ್ಲಿದ್ದರು. ಮಾಮಾ ತಮ್ಮದನ್ನು ಹೇಳಿದರು, ನಾನು ನನ್ನದನ್ನು ಹೇಳಿದೆ. ಬೆರಳಿನ ಕಥೆ ಹೇಳುವಾಗ ಅದೆಷ್ಟು ಬಾಲಿಶವಾಗಿ ಕೇಳಿಸಿತೆಂದರೆ ನನಗೇ ನಂಬಿಕೆ ಬರಲಿಲ್ಲ. ಅವರು ಪೂರಾ ಕೇಳಿ, ಹಾಗಾದರೆ ಕಪಿಲಿಗೆ ರೋಗವಿಲ್ಲ ಅನ್ನು ಎಂದು ಫೋನು ಕೈಗೆತ್ತಿಕೊಂಡರು. ತುರೋರಿಗೆ ಹಚ್ಚಿ ಸೊಸೆಯನ್ನು ಕಳಿಸಿ ಎನ್ನುವವರಿದ್ದರು. ನಾನು ಅವರ ಕೈ ಹಿಡಿದೆ.

"ತಡೀರಿ ಕಾಕೂ. ರೋಗ ಅದನೋ ಇಲ್ಲೋ ನನಗ ಗೊತ್ತಿಲ್ಲ. ಆಕೀ ರಗತ ಇನ್ನಾ ಯಾರೂ ನೋಡೇ ಇಲ್ಲ."

ಅವರು ಕೈ ಬಿಡಿಸಿಕೊಂಡರು. ಮೂಗಿನಿಂದಲೇ ಒಮ್ಮೆ ನಕ್ಕರು. ಆ ನಗುವಿನಲ್ಲಿ ನಮ್ಮಿಬ್ಬರ ಮಾನವೂ ಹೋಯಿತು. ಆಮೇಲೆ ತಾವೇ ಕಪಿಲಿಯ ಕೋಡು ಹಿಡಿದು, ಕುತ್ತಿಗೆಯನ್ನು ಕಂಬಕ್ಕೆ ಒತ್ತಿ ನಿಂತರು. ಬಿಳಿ ಮೈ, ಕರಿ ಮುಖ, ಎತ್ತರದ ಆಕಳು. ಮಾಮಾನಿಗೆ ಒದ್ದಿತು, ನನಗೂ ಒದ್ದಿತು. ಮೂರನೆಯ ಸಲ ಸೂಜಿ ನರಕ್ಕೆ ಸಿಕ್ಕಿತು.

ಕಪಿಲಿಯ ತಿಳಿಯನ್ನು ಮೂರು ಸಾಲುಗಳಲ್ಲಿ ಇಟ್ಟೆವು. ಒಂದು ಸರ್ ಕೈಯಿಂದ. ಒಂದು ನನ್ನ ಎಡಗೈಯಿಂದ, ಅದರ ಹೆಬ್ಬೆರಳಿಗೆ ಯಾವ ರೂಢಿಯೂ ಇರಲಿಲ್ಲ. ಮೂರನೆಯದನ್ನು ಬಲಗೈಯಿಂದ, ತುಟಿ ಬಿಗಿದು, ತಡೆ ಸಿಕ್ಕಿದ ಕೂಡಲೇ ನಿಲ್ಲುತ್ತ ಇಟ್ಟೆ. ಅದಕ್ಕೆ ಎಷ್ಟು ಕಷ್ಟವಾಯಿತೆಂದರೆ ಬೆರಳು ಮರುದಿನವೂ ನೋಯುತ್ತಿತ್ತು. ಭಾನುವಾರ ಸಂಜೆಯವರೆಗೆ ಕರೆಂಟು ಮೂರು ಸಲ ಹೋಯಿತು. ಪೆಟ್ಟಿಗೆ ಆರದಂತೆ ಮಾಮಾ ಮನೆಯಿಂದ ಕಂಬಳಿ ತಂದು ಹೊದಿಸಿದರು.

ರೋಗ ಇದೆ ಎಂದು ಬರೆದಿದ್ದ ಒಂಬತ್ತರಲ್ಲಿ ಎಂಟು ಸುಳ್ಳು, ಒಂದು ಮಾತ್ರ ನಿಜ. ಏಳು ಆಕಳು ಉಳಿದವು, ಎಂಟನೆಯ ಸುಳ್ಳು ಶೇವಂತಿಯ ರಕ್ತವಿದ್ದ ಆರನೇ ನಂಬರಿನದು. ಕೊನೆಗೆ ಕಪಿಲಿಯ ಮೂರು ಸಾಲುಗಳನ್ನು ಸರ್ ಕಿಟಕಿಯ ಬೆಳಕಿಗೆ ಹಿಡಿದರು. ಮೂರೂ ಸಾಲುಗಳಲ್ಲಿ, ಮೂರನೆಯ ಕೊಳವೆಯಷ್ಟೇ ಅಲ್ಲ, ಐದನೆಯದೂ ತಿಳಿನೀರಿನಂತಿತ್ತು. ಯಾವ ಬೆರಳು ಎಷ್ಟು ಒತ್ತಿದರೂ ಬಿಟ್ಟರೂ ಬದಲಾಗದಷ್ಟು ರೋಗ. ನಾನು ನನ್ನ ತಪ್ಪನ್ನಷ್ಟೇ ತಿದ್ದಿ ಆರನೇ ನಂಬರು ನಿರೋಗಿ ಎಂದು ಬರೆದಿದ್ದರೆ, ಮಾಮಾ ಸುಮ್ಮನಿದ್ದಿದ್ದರೆ, ಭಾಗ್ಯಶ್ರೀ ಮರಳಿ ಬಂದು ಮತ್ತೆ ಕಪಿಲಿಯ ಕೆಚ್ಚಲಿಗೆ ಕೈ ಹಾಕುತ್ತಿದ್ದಳು. ಸರ್ ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟರು. ಹೇಳಲು ನಾನು ಬರಲಾ ಎಂದು ಕೇಳಿದರು. ಬೇಡ, ನಾನೇ ಹೋಗುತ್ತೇನೆ ಎಂದೆ.

ಸೋಮವಾರ ಬೆಳಿಗ್ಗೆ ನಾವು ಮುಟ್ಟುವ ಹೊತ್ತಿಗೆ ಗೋಶಾಲೆಯ ಗಾಡಿ ಆಗಲೇ ಬಾಗಿಲಲ್ಲಿತ್ತು. ಮಳೆ ಜಿನುಗುತ್ತಿತ್ತು. ಕಸ್ತೂರಬಾಯಿ ಅಂಗಳದಲ್ಲಿ ನಿಂತು, ಗಾಡಿಯವನಿಗೆ ಸುಮ್ಮನೆ ಬಂದಿ, ಹೋಗು ಎನ್ನುತ್ತಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಮೊದಲು ಸೊಸೆಯ ಮಾತು ಹೇಳಿದೆ. ಇವತ್ತೇ ಉಮರ್ಗಾದ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಬೇಕು, ಮನುಷ್ಯರಿಗೆ ಇದಕ್ಕೆ ಔಷಧವಿದೆ, ತಡ ಮಾಡಬಾರದು ಎಂದೆ. ಭಾಗ್ಯಶ್ರೀಗೆ ತಿಂಗಳಿಂದ ಸಂಜೆ ಜ್ವರ ಬರುತ್ತಿತ್ತಂತೆ, ಬಸುರಿನದೆಂದು ಬಿಟ್ಟಿದ್ದರಂತೆ. ಆಕೆ ಆ ದಿನದಿಂದಲೇ ಗುಳಿಗೆ ತೆಗೆದುಕೊಂಡಳು, ಭಾದ್ರಪದದಲ್ಲಿ ಹೆಣ್ಣುಮಗು ಗಟ್ಟಿಮುಟ್ಟಾಗಿ ಹುಟ್ಟಿತು ಎಂದು ಆಮೇಲೆ ತಿಳಿಯಿತು. ಆದರೆ ಆ ಬೆಳಿಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ. ಕಸ್ತೂರಬಾಯಿಯ ಮಗ, ಭಾಗ್ಯಶ್ರೀಯ ಗಂಡ, ಮೋಟರ್ ಸೈಕಲ್ ಹತ್ತಿ ತುರೋರಿಗೆ ಹೋದ. ಅಂಗಳದಲ್ಲಿ ನಾವು ಉಳಿದೆವು.

ಕಸ್ತೂರಬಾಯಿ ನನ್ನ ಎರಡೂ ಕೈಗಳನ್ನು ನೋಡಿದರು.

"ಈ ಸಲ ಯಾವ ಕೈಲೆ ನೋಡೀದಿ?"

"ಎರಡೂ ಕೈಲೆ ನೋಡೀನಿ ಕಾಕೂ. ಸಾಹೇಬ್ರೂ ನೋಡ್ಯಾರ. ಮೂರೂ ಒಂದೇ ಹೇಳ್ತಾವ."

ಅವರು ಕೊಟ್ಟಿಗೆಗೆ ನಡೆದರು. ನಾನೂ ಹಿಂದೆ ಹೋದೆ. ಕಪಿಲಿ ಮೇವು ಮುಟ್ಟದೆ ಬಾಗಿಲ ಕಡೆ ಮುಖ ಮಾಡಿ ನಿಂತಿತ್ತು. ಕಸ್ತೂರಬಾಯಿ ಅದರ ಗಂಗೆದೊಗಲನ್ನು ಒಮ್ಮೆ ನೇವರಿಸಿ ಪಕ್ಕಕ್ಕೆ ಸರಿದು, ಗೂಟದತ್ತ ಕೈ ತೋರಿಸಿದರು.

"ನೀನೇ ಬಿಚ್ಚು. ಮೊದಲ ಸುಳ್ಳ ಹೇಳಿತಲ್ಲ, ಆ ಕೈಲೆ ಬಿಚ್ಚು."

ಗೂಟದ ಬಳಿ ಮೊಣಕಾಲೂರಿ ಕುಳಿತೆ. ಹಗ್ಗ ಮಳೆಗೆ ನೆನೆದು ಉಬ್ಬಿ ಗಂಟು ಕಲ್ಲಾಗಿತ್ತು. ಬಲಗೈಯ ಹೆಬ್ಬೆರಳು ಒತ್ತಿದೆ, ಜಾರಿತು. ಮತ್ತೆ ಒತ್ತಿದೆ. ಎಡಗೈ ಸಹಾಯಕ್ಕೆ ಬಂತು, ಅದನ್ನು ಹಿಂದಕ್ಕೆ ತೆಗೆದುಕೊಂಡೆ. ನಾಗಪ್ಪ ಮಾಮಾ ಒಂದು ಹೆಜ್ಜೆ ಮುಂದೆ ಬಂದರು. ಕಸ್ತೂರಬಾಯಿ ಅವರತ್ತ ನೋಡಿದ ಕೂಡಲೇ ನಿಂತರು. ಗಾಡಿಯವನು ಹೊರಗೆ ಹಾರ್ನ್ ಮಾಡಿದ. ಕಪಿಲಿಯ ಬಿಸಿ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಒದೆಯುತ್ತದೆಂದು ಕಾದೆ, ಅದು ಒದೆಯಲಿಲ್ಲ. ಉಗುರು ಕಿತ್ತು ರಕ್ತ ಬಂದ ಮೇಲೆ ಗಂಟು ಸಡಿಲವಾಯಿತು. ಎದ್ದು ನಿಂತು ಹಗ್ಗವನ್ನು ಕಸ್ತೂರಬಾಯಿಯ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಗಾಡಿಯವರೆಗೂ ನಾನೇ ಹಿಡಿದುಕೊಂಡು ಹೋದೆ.